ಶಿಕ್ಷಕರ ಮುಷ್ಕರ ಮತ್ತು ನಮ್ಮ ಮನಸ್ಸಾಕ್ಷಿ

2023ರ ಮಾರ್ಚ್ 1, ಬುಧವಾರ. ತಪಸ್ಸುಕಾಲದ ಮೊದಲ ವಾರ. ಅಂದು ರಾಜ್ಯದಾದ್ಯಂತ ಸರ್ಕಾರಿ ನೌಕರರು ಕೆಲಸಕ್ಕೆ ಹೋಗಲಿಲ್ಲ. ಶಾಲೆಗಳ ಬಾಗಿಲು ತೆರೆಯಲಿಲ್ಲ. ಏಳನೇ ವೇತನ ಆಯೋಗದ ಪ್ರಕಾರ ಸಂಬಳ ಹೆಚ್ಚಬೇಕು, 2006ರ ಏಪ್ರಿಲ್ 1ರಿಂದ ಹೊಸದಾಗಿ ಸೇರಿದವರಿಗೆ ಇಲ್ಲವಾದ ಹಳೆಯ ಪಿಂಚಣಿ ಮರಳಿ ಬರಬೇಕು ಎಂಬುದು ಅವರ ಮುಖ್ಯ ಬೇಡಿಕೆಗಳು. ಸರ್ಕಾರ ಅದೇ ದಿನ ಶೇಕಡ 17ರಷ್ಟು ಮಧ್ಯಂತರ ಪರಿಹಾರಕ್ಕೆ ಆದೇಶ ಹೊರಡಿಸಿತು. ಅನಿರ್ದಿಷ್ಟ ಕಾಲದ್ದೆಂದು ಸಾರಿದ್ದ ಮುಷ್ಕರ ಒಂದೇ ದಿನಕ್ಕೆ ಮುಗಿಯಿತು. ದ್ವಿತೀಯ ಪಿಯುಸಿ ಪರೀಕ್ಷೆಗೆ ಆಗ ಎಂಟೇ ದಿನ ಬಾಕಿ ಇತ್ತು.

ಮುಂದಿನ ಭಾನುವಾರ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಜನ ನಿಂತಾಗ ಎಂಥ ಮಾತು ಹೊರಟಿತೆಂದು ಊಹಿಸುವುದು ಕಷ್ಟವಲ್ಲ. "ಅವರಿಗೇನು ಕಡಿಮೆಯಾಗಿದೆ ಹೇಳಿ? ತಿಂಗಳು ಹುಟ್ಟಿದರೆ ಸಂಬಳ, ದಸರೆಗೆ ರಜೆ, ಮಳೆ ಬಂದರೂ ರಜೆ. ನಮ್ಮ ಶಾಲೆಯ ಟೀಚರಮ್ಮ ಅದರ ಕಾಲು ಭಾಗಕ್ಕೆ ಎರಡರಷ್ಟು ದುಡಿಯುವುದಿಲ್ಲವೇ?" (ಮಳೆಯ ರಜೆ ಮಕ್ಕಳ ಜೀವಕ್ಕಾಗಿ ಕೊಡುವಂಥದ್ದು, ಕೊಡಗಿನ ಜುಲೈ ತಿಂಗಳು ಕಂಡವರು ಅದನ್ನು ಲೆಕ್ಕಕ್ಕೆ ಹಿಡಿಯಲಾರರು.) ಈ ಮಾತಿನ ಮೊದಲ ಅರ್ಧವನ್ನು ನಾವು ಗಟ್ಟಿಯಾಗಿ ಹೇಳುತ್ತೇವೆ. ಎರಡನೇ ಅರ್ಧವನ್ನು ಹೇಳಿ ಮರೆತುಬಿಡುತ್ತೇವೆ. ಆ ಎರಡನೇ ಅರ್ಧದ ಬಳಿ ತುಸು ಹೊತ್ತು ನಿಲ್ಲೋಣ.

ಮೊದಲು ಸಂಘದ ವಿಷಯ. ದುಡಿಯುವವರು ಸಂಘ ಕಟ್ಟಿಕೊಳ್ಳುವುದು ತಪ್ಪೆಂದು ಧರ್ಮಸಭೆ ಹೇಳುವುದಿಲ್ಲ. 1891ರ ಮೇ 15ರಂದು ಪೋಪ್ ಹದಿಮೂರನೇ ಲಿಯೋ ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರದಿಂದಲೂ ಅದು ಮನುಷ್ಯನ ಸಹಜ ಹಕ್ಕು ಎಂಬುದೇ ನಮ್ಮ ಬೋಧನೆ. ತೊಂಬತ್ತು ವರ್ಷಗಳ ನಂತರ, 1981ರಲ್ಲಿ, ಪೋಪ್ ಎರಡನೇ ಜಾನ್ ಪಾಲ್ 'ಲಬೋರೆಮ್ ಎಕ್ಸರ್ಸೆನ್ಸ್' ಬರೆದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯುವಕನಾಗಿದ್ದಾಗ ಕಲ್ಲುಕ್ವಾರಿಯಲ್ಲಿ ದುಡಿದವರು ಅವರು. ಪೋಲೆಂಡಿನ ಕಾರ್ಮಿಕರು ಸಾಲಿಡಾರಿಟಿ ಸಂಘ ಕಟ್ಟಿ ಒಂದು ವರ್ಷ ಆಗಿತ್ತಷ್ಟೆ. ಸಂಘಗಳು ಇಂದಿನ ಸಮಾಜಕ್ಕೆ ಬೇಕೇ ಬೇಕು, ಸರಿಯಾದ ಮಿತಿಯೊಳಗೆ ಮುಷ್ಕರವೂ ನ್ಯಾಯವಾದದ್ದು ಎಂದು ಅವರು ಬರೆದರು. ಆದರೆ ಮುಷ್ಕರ ಕೊನೆಯ ಅಸ್ತ್ರ, ಅದನ್ನು ರಾಜಕೀಯದ ಆಟಕ್ಕೆ ಬಳಸಬಾರದು, ಜನಜೀವನಕ್ಕೆ ಅಗತ್ಯವಾದ ಸೇವೆಗಳು ನಿಲ್ಲಬಾರದು ಎಂದೂ ಸೇರಿಸಿದರು.

ನಮ್ಮ ಸುಪ್ರೀಂ ಕೋರ್ಟಿನ ಮಾತು ಬೇರೆ. 2003ರ ಜುಲೈಯಲ್ಲಿ ತಮಿಳುನಾಡು ಸರ್ಕಾರ ಮುಷ್ಕರ ಹೂಡಿದ ಲಕ್ಷಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದುಹಾಕಿದಾಗ ನ್ಯಾಯಾಲಯ ಅವರನ್ನು ಮರಳಿ ಸೇರಿಸಿಕೊಳ್ಳುವ ದಾರಿ ಮಾಡಿಕೊಟ್ಟಿತು. ಆದರೆ ಆಗಸ್ಟ್ 6ರ ಆ ತೀರ್ಪಿನಲ್ಲಿಯೇ ಸರ್ಕಾರಿ ನೌಕರರಿಗೆ ಮುಷ್ಕರ ಮಾಡಲು ಮೂಲಭೂತ ಹಕ್ಕಾಗಲಿ, ಕಾನೂನಿನ ಹಕ್ಕಾಗಲಿ, ನೈತಿಕ ಸಮರ್ಥನೆಯಾಗಲಿ ಇಲ್ಲ ಎಂದಿತು. ಕಾನೂನಿನ ಮಾತನ್ನು ನಾವು ತಲೆಬಾಗಿ ಒಪ್ಪುತ್ತೇವೆ. 'ನೈತಿಕ' ಎಂಬ ಆ ಒಂದು ಪದದ ವಿಷಯದಲ್ಲಿ ಮಾತ್ರ ಕಥೋಲಿಕನೊಬ್ಬ ಪೋಪರ ಬರಹವನ್ನು ಪಕ್ಕಕ್ಕಿಟ್ಟು ಓದಲು ಸ್ವತಂತ್ರ. 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ಶಿಕ್ಷಕರೂ ಸೇರಿದಂತೆ ಸರ್ಕಾರಿ ನೌಕರರ ಸಂಘಗಳ ಚೌಕಾಶಿಯ ಹಕ್ಕನ್ನು ಮೊಟಕುಗೊಳಿಸಲು ಹೊರಟಾಗ ಮಿಲ್ವಾಕಿಯ ಮಹಾಧರ್ಮಾಧ್ಯಕ್ಷ ಜೆರೋಮ್ ಲಿಸ್ಟೆಕಿಯವರೂ ಇದೇ ತೂಕದ ಮಾತು ಆಡಿದ್ದರು: ಸಂಘ ಕೇಳಿದ್ದೆಲ್ಲ ನ್ಯಾಯವೆಂದಲ್ಲ, ಆದರೆ ಕಷ್ಟಕಾಲ ಬಂತೆಂದು ದುಡಿಯುವವರ ಹಕ್ಕು ಇಲ್ಲವಾಗುವುದಿಲ್ಲ.

ಹಾಗಾದರೆ ಪರೀಕ್ಷೆಯ ಹೊಸ್ತಿಲಲ್ಲಿ ಶಾಲೆ ಮುಚ್ಚಬಹುದೇ? ನನ್ನ ಅಭಿಪ್ರಾಯದಲ್ಲಿ, ಮಾತುಕತೆ ಮುರಿದ ಮೇಲೆ ಒಂದು ದಿನ ಬಾಗಿಲು ಹಾಕಿದ್ದು ಪಾಪವೆನಿಸದು. ಅದು ಪರೀಕ್ಷೆಯ ದಿನಗಳವರೆಗೆ ಎಳೆದಿದ್ದರೆ ಪಾಪವಾಗುತ್ತಿತ್ತು. ಟ್ಯೂಷನ್ನಿಗೆ ದುಡ್ಡಿಲ್ಲದ, ಶಾಲೆಯ ಪಾಠವೊಂದನ್ನೇ ನಂಬಿದ ಲೈನ್ ಮನೆಯ ಮಗುವಿನ ಭುಜದ ಮೇಲೆ ಆ ಹೊರೆ ಬೀಳುತ್ತಿತ್ತು. ಸಂಘದವರಿಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಇದೆ. 2024ರ ಆಗಸ್ಟ್ 1ರಿಂದ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ಅದೇ ಸರ್ಕಾರಿ ಶಾಲೆಯಲ್ಲಿ, ಪಕ್ಕದ ಕೊಠಡಿಯಲ್ಲಿ, ಅದೇ ಪಾಠ ಮಾಡುವ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಗೆ ಆಗ ಸಿಗುತ್ತಿದ್ದದ್ದು 10 ಸಾವಿರ. 2025ರ ಬಜೆಟ್ಟಿನಲ್ಲಿ 2 ಸಾವಿರ ಹೆಚ್ಚಿತು. ತನ್ನ ಪಕ್ಕದವಳಿಗಾಗಿ ಒಂದು ದಿನವೂ ಬೀದಿಗಿಳಿಯದ ಸಂಘಕ್ಕೆ ಪೋಪರ ವಿಶ್ವಪತ್ರ ಎಷ್ಟರಮಟ್ಟಿಗೆ ಆಸರೆಯಾದೀತು?

ಇಷ್ಟು ಸರ್ಕಾರಿ ಶಾಲೆಯ ಮಾತು. ಇನ್ನು ನಮ್ಮ ಮನೆಯ ಮಾತು.

ಕೊಡಗಿನಲ್ಲಿ ಧರ್ಮಸಭೆಯ ಇತಿಹಾಸ 1792ರ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದಷ್ಟು ಹಳೆಯದು. ನಮ್ಮ ಶಾಲೆಗಳಲ್ಲಿ ಕಲಿತವರು ಎಲ್ಲ ಜಾತಿ ಧರ್ಮಗಳಲ್ಲೂ ಇದ್ದಾರೆ. ಇದು ನಮಗೆ ಹೆಮ್ಮೆಯ ಸಂಗತಿ. ಆದರೆ ಈ ಶಾಲೆಗಳ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವ ಟೀಚರುಗಳು ಒಂದೇ ಬಗೆಯವರಲ್ಲ. ಅನುದಾನಿತ ಶಾಲೆಯಲ್ಲಿ 2006ಕ್ಕೆ ಮೊದಲು ಸೇರಿದವರಿಗೆ ಸರ್ಕಾರದ ಸಂಬಳ, ಪಿಂಚಣಿ ಎರಡೂ ಇವೆ. ನಂತರ ಬಂದವರಿಗೆ ಸಂಬಳ ಸಿಕ್ಕರೂ ಪಿಂಚಣಿಯ ಆಸರೆ ತಪ್ಪಿತು. ಅಂಥವರು 2022ರ ಕೊನೆಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಅನುದಾನರಹಿತ ಶಾಲೆಯವರಿಗೆ ಆಡಳಿತ ಮಂಡಳಿ ಕೊಟ್ಟದ್ದೇ ಸಂಬಳ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಒಬ್ಬ ತಾಯಿ ಮೂವತ್ತು ವರ್ಷ ಹಣ್ಣು ಕೊಯ್ದು, ಕಳೆ ತೆಗೆದು ಮಗಳನ್ನು ಓದಿಸಿದಳೆನ್ನಿ. ಮಗಳು ಬಿ.ಎಡ್. ಮುಗಿಸಿ ಖಾಸಗಿ ಶಾಲೆಯಲ್ಲಿ ಟೀಚರಾದಳು. ಬೀದಿಯವರೆಲ್ಲ 'ಮಗಳು ಮೇಲೆ ಬಂದಳು' ಎಂದರು. ಕಾನೂನು ಏನೆಂದಿತು? 1972ರ ಗ್ರಾಚ್ಯುಟಿ ಕಾಯ್ದೆ ಕಾರ್ಖಾನೆ, ಗಣಿಗಳ ಜೊತೆಗೆ ತೋಟವನ್ನೂ ಮೊದಲ ದಿನದಿಂದಲೇ ಹೆಸರು ಹಿಡಿದು ಸೇರಿಸಿಕೊಂಡಿತ್ತು. ತಾಯಿ ಕೆಲಸ ಬಿಟ್ಟಾಗ ಆ ಹಣಕ್ಕೆ ಹಕ್ಕುದಾರಳು. ಮಗಳು ಅಲ್ಲ! ಶಾಲೆಯ ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ 'ನೌಕರ'ರೇ ಅಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿದು, ಆರು ವಾರದೊಳಗೆ ಬಡ್ಡಿ ಸಮೇತ ಕೊಡಿ ಎಂದಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ತೋಟದ ತಾಯಿಗೆ 1972ರಲ್ಲಿ ಸಿಕ್ಕಿದ್ದು ಮಗಳ ಪಾಲಿಗೆ ನಿಶ್ಚಿತವಾಗಲು ಐವತ್ತು ವರ್ಷ ಬೇಕಾಯಿತು. ತಾಯಿಯ ಹಿಂದೆ ತೋಟದ ಯೂನಿಯನ್ ಇತ್ತು ಎಂಬುದನ್ನೂ ಮರೆಯಬಾರದು.

ಇದಕ್ಕಿಂತ ಹೆಚ್ಚು ನಮ್ಮನ್ನು ಚುಚ್ಚಬೇಕಾದ ಇನ್ನೊಂದು ತೀರ್ಪಿದೆ. ಗೋವಾದಲ್ಲಿ ಧರ್ಮಭಗಿನಿಯರ ಸಂಸ್ಥೆಯೊಂದು ನಡೆಸುತ್ತಿದ್ದ ಶಾಲೆಯ ಶಿಕ್ಷಕಿಯೊಬ್ಬರನ್ನು 1975ರಲ್ಲಿ ಕೆಲಸದಿಂದ ತೆಗೆಯಲಾಯಿತು. ಅವರು ಕಾರ್ಮಿಕ ಕಾನೂನಿನ ಮೊರೆಹೊಕ್ಕರು. ಹದಿಮೂರು ವರ್ಷಗಳ ನಂತರ, 1988ರಲ್ಲಿ, ಸುಪ್ರೀಂ ಕೋರ್ಟ್ ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ 'ಕಾರ್ಮಿಕ'ರಲ್ಲ, ಅವರದು ಉದಾತ್ತವಾದ ಧ್ಯೇಯ ಎಂದು ತೀರ್ಪಿತ್ತಿತು. ಆ ಹೊಗಳಿಕೆಯ ಜೊತೆಗೇ ಅವರು ಮೊಕದ್ದಮೆ ಸೋತರು. ಶಿಕ್ಷಕರಿಗೆ ಬೇರೊಂದು ನ್ಯಾಯವ್ಯವಸ್ಥೆ ಬೇಕೆಂದು ನ್ಯಾಯಾಲಯವೇ ಸೂಚಿಸಿತು, ನಿಜ. ಆದರೆ ಸೆಪ್ಟೆಂಬರ್ 5ರಂದು ನಾವು ಶಾಲು ಹೊದಿಸಿ, ಹೂಗುಚ್ಛ ಕೊಟ್ಟು, 'ಇದು ವೃತ್ತಿಯಲ್ಲ, ಸೇವೆ' ಎಂದು ಭಾಷಣ ಮಾಡುವಾಗ ನಾವೂ ಅದನ್ನೇ ಮಾಡುತ್ತಿಲ್ಲವೇ? ಸೇವೆ ಎಂಬ ಪವಿತ್ರ ಪದ ಸಂಬಳದ ಚೀಟಿಯ ಮೇಲೆ ಬಂದು ಕೂತಾಗ ಸಂಶಯಪಡುವುದು ಒಳ್ಳೆಯದು.

ಸೇವೆಯ ಮಾತಿನ ಹಿಂದೆ ನಮ್ಮ ಸಿಸ್ಟರುಗಳ ನಿದರ್ಶನವಿದೆ. ಅವರು ತಮ್ಮ ಸಂಬಳವನ್ನು ಸಭೆಗೆ ಒಪ್ಪಿಸಿ ಸರಳವಾಗಿ ಬದುಕುತ್ತಾರೆ. ಆ ತ್ಯಾಗಕ್ಕೆ ಕೈಮುಗಿಯೋಣ. ಆದರೆ ಅವರು ಬಡತನದ ವ್ರತವನ್ನು ತಾವಾಗಿ, ದೇವರ ಮುಂದೆ, ವರ್ಷಗಟ್ಟಲೆ ಯೋಚಿಸಿ ಕೈಗೊಂಡವರು. ಕಾಯಿಲೆ ಬಿದ್ದರೆ ನೋಡಿಕೊಳ್ಳಲು, ವಯಸ್ಸಾದರೆ ಊಟ ಹಾಕಲು ಅವರಿಗೊಂದು ಕಾನ್ವೆಂಟ್ ಇದೆ. ಎರಡು ಮಕ್ಕಳ ತಾಯಿಯಾದ ಟೀಚರು ಅಂಥ ವ್ರತ ತೊಟ್ಟಿಲ್ಲ. ಬಾಡಿಗೆ ಮನೆಯಲ್ಲಿರುವ ಆಕೆಯ ಮೇಲೆ ಇನ್ನೊಬ್ಬರ ವ್ರತವನ್ನು ಹೇರುವುದು ಯಾವ ಧರ್ಮ?

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ಇಲ್ಲಿ ನೆನೆಯಬಹುದು. ಬೆಳಗಿನ ಜಾವ ಪೇಟೆಯ ಮೂಲೆಯಲ್ಲಿ ಜೀಪು ಕಾಯುತ್ತ ನಿಲ್ಲುವ ಆಳುಗಳನ್ನು ಕಂಡಿರುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ. 'ನನ್ನದನ್ನು ನನಗಿಷ್ಟ ಬಂದಂತೆ ಕೊಡುತ್ತೇನೆ' ಎಂಬ ಯಜಮಾನನ ಮಾತನ್ನು ಆಡಳಿತದವರು ತಮ್ಮ ಪರವಾಗಿ ಬಳಸುವುದುಂಟು. ಆದರೆ ಆ ಯಜಮಾನ ಯಾರ ಕೂಲಿಯನ್ನೂ ಕಡಿತ ಮಾಡಲಿಲ್ಲ. ಸಂಜೆ ಐದಕ್ಕೆ ಬಂದವನಿಗೂ ಒಂದು ಸಂಸಾರದ ಅಂದಿನ ಅನ್ನಕ್ಕೆ ಸಾಕಾಗುವಷ್ಟು ಕೊಟ್ಟ. ಕೊನೆಯವನನ್ನು ಮೊದಲನೆಯವನ ಮಟ್ಟಕ್ಕೆ ಏರಿಸಿದನೇ ಹೊರತು ಮೊದಲನೆಯವನನ್ನು ಇಳಿಸಲಿಲ್ಲ. ನಾವು ದೇವಾಲಯದ ಅಂಗಳದಲ್ಲಿ ನಿಂತು ಆಡುವ ಮಾತು ಇಳಿಸುವ ಮಾತು. ಸರ್ಕಾರಿ ಮೇಷ್ಟ್ರ ಪಿಂಚಣಿ ಹೋದರೆ ನಮ್ಮ ಶಾಲೆಯ ಟೀಚರಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಧರ್ಮಸಭೆ ಈ ವಿಷಯದಲ್ಲಿ ತನ್ನನ್ನೇ ತಾನು ಹೊರಗಿಟ್ಟುಕೊಂಡಿಲ್ಲ. 1971ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಿನೊಡ್, ನ್ಯಾಯದ ಬಗ್ಗೆ ಬೋಧಿಸುವವರು ಮೊದಲು ತಮ್ಮಲ್ಲಿ ದುಡಿಯುವ ಶ್ರೀಸಾಮಾನ್ಯರಿಗೆ ತಕ್ಕ ವೇತನವನ್ನೂ ಭದ್ರತೆಯನ್ನೂ ಕೊಡಬೇಕೆಂದು ಹೇಳಿತು. 1983ರ ಧರ್ಮಸಭಾ ಕಾನೂನಿನ 1286ನೇ ಕಲಮು ಧರ್ಮಸಭೆಯ ಆಸ್ತಿ ನೋಡಿಕೊಳ್ಳುವವರು ನಾಡಿನ ಕಾರ್ಮಿಕ ಕಾನೂನನ್ನು ಪಾಲಿಸಬೇಕೆಂದು ಕಟ್ಟಳೆ ಮಾಡಿದೆ. ಅಲ್ಪಸಂಖ್ಯಾತರ ಹಕ್ಕಿನ ಹೆಸರಿನಲ್ಲೂ ಇದರಿಂದ ತಪ್ಪಿಸಿಕೊಳ್ಳಲಾಗದು. ದೆಹಲಿಯ ಒಂದು ಆಂಗ್ಲೋ ಇಂಡಿಯನ್ ಶಾಲೆಯ ಪ್ರಕರಣದಲ್ಲಿ 1986ರಲ್ಲೇ ಸುಪ್ರೀಂ ಕೋರ್ಟ್, ಅಲ್ಲಿನ ಕಾನೂನಿನಂತೆ ಸಮಾನ ವೇತನ ಕೊಟ್ಟರೆ ಅಲ್ಪಸಂಖ್ಯಾತ ಸ್ವರೂಪಕ್ಕೆ ಧಕ್ಕೆಯಾಗದು ಎಂದಿತ್ತು.

ಆಡಳಿತ ನಡೆಸುವ ಗುರುಗಳ ಸಂಕಟ ನಮಗೆ ಗೊತ್ತಿದೆ. ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಶುಲ್ಕ ಏರಿಸಿದರೆ ಕೂಲಿಯವರ ಮಗು ಶಾಲೆ ಬಿಡುತ್ತದೆ. ಏರಿಸದಿದ್ದರೆ ಟೀಚರ ಕೈ ಖಾಲಿ. ಬಡ ಮಗುವಿನ ಹಕ್ಕು, ಬಡ ಟೀಚರ ಹಕ್ಕು ಎದುರುಬದುರಾದಾಗ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಮರೆಯುವುದು ಸುಲಭ. ಆದರೆ ಈ ಲೆಕ್ಕ ಹಾಕಬೇಕಾದವರು ಗುರುಗಳೊಬ್ಬರೇ ಅಲ್ಲ. ಶುಲ್ಕ ಕಡಿಮೆ ಇರಲೆಂದು ಒತ್ತಾಯಿಸಿದ ತಂದೆತಾಯಂದಿರೂ ಟೀಚರ ಸಂಬಳದಲ್ಲಿ ಪಾಲು ಪಡೆದವರೇ.

ಲೆಕ್ಕವನ್ನೇ ಹಾಕಿ ನೋಡೋಣ. ಹತ್ತು ಜನ ಟೀಚರುಗಳಿರುವ, 250 ಮಕ್ಕಳ ಒಂದು ಪುಟ್ಟ ಶಾಲೆ. ತಲಾ ಸಂಬಳ 12 ಸಾವಿರ ಎಂದಿಟ್ಟುಕೊಳ್ಳಿ. ಗ್ರಾಚ್ಯುಟಿ ಎಂದರೆ ಐದು ವರ್ಷ ಪೂರೈಸಿದವರಿಗೆ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ. ತಿಂಗಳಿಗೆ ಇಪ್ಪತ್ತಾರು ದಿನವೆಂದು ಎಣಿಸಿದರೆ ಒಬ್ಬರಿಗೆ ವರ್ಷಕ್ಕೆ 6,923 ರೂಪಾಯಿ. ಇಪ್ಪತ್ತು ವರ್ಷ ದುಡಿದು ನಿವೃತ್ತರಾಗುವವರ ಕೈಗೆ 1,38,461 ರೂಪಾಯಿ. ಹತ್ತು ಜನಕ್ಕೆ ಪ್ರತಿ ವರ್ಷ ತೆಗೆದಿಡಬೇಕಾದದ್ದು ಸುಮಾರು 69 ಸಾವಿರ. ಒಂದು ಮಗುವಿಗೆ ವರ್ಷಕ್ಕೆ 277 ರೂಪಾಯಿ, ತಿಂಗಳಿಗೆ 23. ಸಂಬಳ ಏರಿದಂತೆ ಹಿಂದಿನ ವರ್ಷಗಳ ಬಾಕಿಯೂ ಏರುವುದರಿಂದ ಇದಕ್ಕೆ ಇನ್ನಷ್ಟು ಸೇರಿಸಿಕೊಳ್ಳಬೇಕು.

ಈ 277 ರೂಪಾಯಿ ಕೊಡಲಾಗದ ಮಕ್ಕಳು ಐವತ್ತು ಮಂದಿ ಇದ್ದಾರೆನ್ನಿ. ಅವರ ಪಾಲು 13,850 ರೂಪಾಯಿ. ಮುಂದಿನ ಪಾಲನಾ ಸಮಿತಿಯ ಸಭೆಗೆ ಹೋಗುವವರು ಕಳೆದ ವರ್ಷದ ಹಬ್ಬದ ಖರ್ಚಿನ ಪಟ್ಟಿಯನ್ನು ಒಮ್ಮೆ ಕೇಳಿ ತರಿಸಿಕೊಳ್ಳಲಿ. ದೀಪಾಲಂಕಾರ, ಬ್ಯಾಂಡು, ಪಟಾಕಿ ಎಂದು ಬರೆದಿರುವ ಸಾಲುಗಳಲ್ಲಿ ಈ ಮೊತ್ತ ಎಲ್ಲಾದರೂ ಸಿಗುತ್ತದೆಯೇ ಎಂದು ನೋಡಲಿ.