ಪಾದೋದಕವೂ ಟ್ಯಾಂಕರಿನ ನೀರೂ

ಅಷ್ಟಾವರಣಗಳೆಂದರೆ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಇವುಗಳಲ್ಲಿ ಪಾದೋದಕಕ್ಕೂ ಪ್ರಸಾದಕ್ಕೂ ಬೇಕಾದ ಪದಾರ್ಥವನ್ನು ಒದಗಿಸತಕ್ಕವನು ಗೃಹಸ್ಥನೇ. ನೀರು ಆತನ ಮನೆಯ ಕೊಡದಿಂದ ಬರಬೇಕು. ಅಕ್ಕಿ ಬೇಳೆಗಳು ಆತನ ಕಣಜದಿಂದ ಬರಬೇಕು. ಹೀಗಿರುವುದರಿಂದಲೇ ಶರಣರು ಭಕ್ತನ ಸಂಪಾದನೆಯ ಶುದ್ಧಿಯನ್ನು ಕುರಿತು ಅಷ್ಟೊಂದು ಕಟ್ಟುನಿಟ್ಟಾಗಿ ನುಡಿದರು. ಕಾಯಕವು ಶುದ್ಧವಾಗಿರಬೇಕೆಂಬುದನ್ನು ಈಗಲೂ ಎಲ್ಲರೂ ಒಪ್ಪುತ್ತಾರೆ. ಆದರೆ ಶುದ್ಧವಾದ ಕಾಯಕದಿಂದ ಬಂದ ಹಣವನ್ನು ಅಂಗಡಿಯಲ್ಲಿ ಎಣಿಸಿ ಕೊಡುವಾಗ ಆ ಶುದ್ಧಿಯು ಉಳಿಯಿತೇ ಅಳಿಯಿತೇ ಎಂದು ವಿಚಾರಿಸುವವರು ವಿರಳ. ಗಳಿಸುವ ಕೈಗೆ ಧರ್ಮವುಂಟು, ಕೊಳ್ಳುವ ಕೈಗೆ ಬರಿಯ ಲೆಕ್ಕಾಚಾರ ಸಾಕು ಎಂಬ ಭಾವನೆಯು ಮನೆಮನೆಯಲ್ಲಿ ಬೇರೂರಿದೆ. ಈ ಭಾವನೆಯು ಎಷ್ಟು ಸರಿಯೆಂಬುದನ್ನು ನೀರಿನ ವಿಷಯದಲ್ಲಿ ಪರೀಕ್ಷಿಸಿ ನೋಡಬಹುದು.

ಬೆಂಗಳೂರಿನ ದಕ್ಷಿಣಕ್ಕೆ, ಉತ್ತರಹಳ್ಳಿಗೂ ಕೋಣನಕುಂಟೆಗೂ ನಡುವೆ ವಸಂತಪುರವೆಂಬ ಊರುಂಟು. ವಸಂತ ವಲ್ಲಭರಾಯಸ್ವಾಮಿಯ ಪುರಾತನ ದೇವಾಲಯವಿರುವ ಆ ದಿಣ್ಣೆಯ ಸುತ್ತ ಹಿಂದೆ ಹೊಲಗದ್ದೆಗಳಿದ್ದವು. ಊರಿನ ಹೆಸರಿನೊಡನೆ ತೀರ್ಥಗಳ ಹೆಸರೂ ಸ್ಥಳಪುರಾಣದಲ್ಲಿ ಬೆರೆತಿದೆ. ಈಗ ಆ ಊರು ಮಹಾನಗರದ ಒಂದು ಬಡಾವಣೆ. 2021ರಲ್ಲಿ ಕನಕಪುರ ರಸ್ತೆಯ ಉದ್ದಕ್ಕೂ ಮೆಟ್ರೋ ರೈಲು ಬಂದ ಮೇಲಂತೂ ಹೊಲದ ಗುರುತೂ ಉಳಿಯಲಿಲ್ಲ. ತೀರ್ಥದ ಊರಿನಲ್ಲಿ ನೀರನ್ನು ಗಾಲಿಗಳ ಮೇಲೆ ತರಿಸಿಕೊಳ್ಳುವ ಕಾಲ ಬಂದೊದಗಿತು.

2023ರ ಮುಂಗಾರು ಕೈಕೊಟ್ಟಿತು. ನಾಡಿನ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಸರಕಾರವು ಬರಪೀಡಿತವೆಂದು ಸಾರಿತು. ಮರುವರ್ಷದ ಫೆಬ್ರವರಿ ಮಾರ್ಚಿಗೆ ಬೆಂಗಳೂರಿನ ಹೊರವಲಯದ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಹನ್ನೆರಡು ಸಾವಿರ ಲೀಟರಿನ ಒಂದು ಟ್ಯಾಂಕರಿಗೆ ಕೆಲವೆಡೆ ಎರಡು ಸಾವಿರ ರೂಪಾಯಿ ದಾಟಿತು. ಕೊನೆಗೆ ಜಿಲ್ಲಾಡಳಿತವು 2024ರ ಮಾರ್ಚಿಯಲ್ಲಿ ದರವನ್ನು ಗೊತ್ತುಪಡಿಸಿತು: ಐದು ಕಿಲೋಮೀಟರಿನೊಳಗೆ ಆರು ಸಾವಿರ ಲೀಟರಿಗೆ 600 ರೂಪಾಯಿ, ಎಂಟು ಸಾವಿರಕ್ಕೆ 700, ಹನ್ನೆರಡು ಸಾವಿರಕ್ಕೆ 1,000. ಈ ಗೊತ್ತಾದ ದರದಲ್ಲಿಯೇ ಕೊಂಡರೂ ಸಾವಿರ ಲೀಟರಿಗೆ ಎಂಬತ್ತಮೂರು ರೂಪಾಯಿ ಬಿತ್ತು. ಅದೇ ದಿನಗಳಲ್ಲಿ ಜಲಮಂಡಳಿಯ ನಳವಿದ್ದ ಮನೆಗೆ ಮೊದಲ ಎಂಟು ಸಾವಿರ ಲೀಟರಿನವರೆಗೆ ಸಾವಿರ ಲೀಟರಿಗೆ ಏಳು ರೂಪಾಯಿಯಷ್ಟೇ ಇದ್ದಿತು. ನಳವಿಲ್ಲದವನು ನಳವಿದ್ದವನಿಗಿಂತ ಹನ್ನೆರಡು ಪಾಲು ತೆರುತ್ತಿದ್ದನೆಂದಾಯಿತು.

ಆ ಮಾರ್ಚಿಯ ವಸಂತಪುರದಲ್ಲಿ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಯಜಮಾನನು ನಿತ್ಯವೂ ಇಷ್ಟಲಿಂಗಪೂಜೆ ಮಾಡತಕ್ಕವನು. ಮನೆಯ ಕೊಳವೆಬಾವಿ ಬತ್ತಿ ನಾಲ್ಕು ದಿನವಾಗಿದೆ. ಬೀದಿಯ ಸರತಿಯಂತೆ ಅವನ ಮನೆಗೆ ಟ್ಯಾಂಕರು ನಾಳೆ ಬರಬೇಕು. ಸಂಜೆ ಚಾಲಕನಿಗೆ ಫೋನು ಮಾಡಿ, ಬೆಲೆಯ ಮೇಲೆ ಇನ್ನೊಂದು ಸಾವಿರ ಕೊಡುವುದಾಗಿ ಒಪ್ಪಿ, ಈ ರಾತ್ರಿಯೇ ಬರುವಂತೆ ಮಾಡಿಕೊಂಡಿದ್ದಾನೆ. ಮನೆಯಾಕೆಗೆ ಇದು ತಿಳಿಯುತ್ತದೆ.

“ಈ ರಾತ್ರಿ ಅದು ಯಾರ ಮನೆಗೆ ಹೋಗಬೇಕಾಗಿತ್ತುರೀ?”

“ಹಿಂದಿನ ಬೀದಿಯ ವಠಾರಕ್ಕೆ. ಅವರಿಗೆ ನಾಳೆ ಕೊಡುತ್ತಾನಂತೆ ಬಿಡು. ಕಳ್ಳತನವೇನು ಮಾಡಲಿಲ್ಲವಲ್ಲ, ಕಾಸು ಕೊಟ್ಟಿದ್ದೇನೆ.”

“ಬೆಳಗ್ಗೆ ಲಿಂಗಕ್ಕೆ ಮಜ್ಜನ ಮಾಡಿಸುವುದು ಆ ನೀರಿನಲ್ಲೇ ತಾನೇ?”

ಇಂಥ ಮಾತು ಎಷ್ಟು ಮನೆಗಳಲ್ಲಿ ನಡೆದಿರಬಹುದೋ, ನಡೆಯದೆ ಎಷ್ಟು ಮನೆಗಳ ತೊಟ್ಟಿಗಳು ತುಂಬಿರಬಹುದೋ ಬಲ್ಲವರಾರು? ಆದರೆ ಇದೇ ಮಾತು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಂದು ಗುಡಿಸಲಿನೊಳಗೆ ನಡೆದಿತ್ತೆಂಬುದನ್ನು ಶರಣರ ಚರಿತ್ರೆಯು ಸಾರುತ್ತದೆ.

ಆಯ್ದಕ್ಕಿ ಮಾರಯ್ಯನೂ ಲಕ್ಕಮ್ಮನೂ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ದಂಪತಿಗಳು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಆ ಅಕ್ಕಿಯಿಂದ ಜಂಗಮದಾಸೋಹ, ಉಳಿದದ್ದು ತಮಗೆ ಪ್ರಸಾದ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ದಿನದ ಅಳತೆಗೆ ಮೀರಿದ್ದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮಾರಯ್ಯನು ಮರುಮಾತಾಡದೆ ಹೋಗಿ ಸುರಿದು ಬಂದನು.

ಈ ಕಥೆಯನ್ನು ಅತ್ಯಾಶೆಯ ನಿಷೇಧವೆಂದು ಹೇಳಿ ಮುಗಿಸಿಬಿಡುವುದು ವಾಡಿಕೆ. ಅದು ನಿಜವಾದರೂ ಪೂರ್ಣವಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮಾರಯ್ಯನು ಕದ್ದಿರಲಿಲ್ಲ. ಬೇಡಿಯೂ ಇರಲಿಲ್ಲ. ನೆಲಕ್ಕೆ ಚೆಲ್ಲಿದ್ದ ಅಕ್ಕಿಯನ್ನು ತನ್ನ ಬೆವರು ಸುರಿಸಿ ಆಯ್ದಿದ್ದನು. ಅದನ್ನು ತೆಗೆದುಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ. ಯಾವ ನ್ಯಾಯಾಸ್ಥಾನದಲ್ಲಿಯೂ ಅವನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಹಾಗಿದ್ದೂ ಲಕ್ಕಮ್ಮನು ಆ ಅಕ್ಕಿಯನ್ನು ಒಲೆಯ ಮೇಲಿಡಲು ಒಪ್ಪಲಿಲ್ಲ. ಅಪರಾಧವಲ್ಲವೆಂಬುದು ಆಕೆಗೆ ಅಳತೆಯಾಗಿರಲಿಲ್ಲ. ಲಿಂಗಕ್ಕೆ ಅರ್ಪಿಸಬಹುದೇ ಎಂಬುದು ಅಳತೆಯಾಗಿತ್ತು. “ಕಾಸು ಕೊಟ್ಟಿದ್ದೇನೆ” ಎಂಬ ವಸಂತಪುರದ ಯಜಮಾನನ ಸಮಾಧಾನವು ಈ ಅಳತೆಯ ಮುಂದೆ ನಿಲ್ಲಲಾರದು. ಅವನು ಕೊಟ್ಟ ಹೆಚ್ಚಿನ ಸಾವಿರವು ನೀರಿನ ಬೆಲೆಯಲ್ಲ, ಇನ್ನೊಬ್ಬರ ಸರತಿಯ ಬೆಲೆ. ಆ ಸರತಿಯನ್ನು ಮಾರುವ ಅಧಿಕಾರವು ಚಾಲಕನಿಗಿರಲಿಲ್ಲ. ಕೊಳ್ಳುವ ಅಧಿಕಾರವೂ ಇವನಿಗಿರಲಿಲ್ಲ.

ಅನರ್ಪಿತವನ್ನು ಮುಟ್ಟಬಾರದೆಂಬ ಆಚಾರವನ್ನು ಊಟಕ್ಕೆ ಕೂತಾಗ ನೆನೆಯುವುದು ಸುಲಭ. ಎಲೆಯ ಮೇಲೆ ಬಡಿಸಿದ ಅನ್ನವನ್ನು ಅಂಗೈಯ ಲಿಂಗಕ್ಕೆ ತೋರಿಸಿ ಪ್ರಸಾದವೆಂದು ಸ್ವೀಕರಿಸುತ್ತಾರೆ. ಆದರೆ ಅರ್ಪಣೆಯು ಎಲೆಯ ಮುಂದೆ ಪ್ರಾರಂಭವಾಗುವುದಲ್ಲ. ಚೀಲ ಹಿಡಿದು ಹೊಸ್ತಿಲು ದಾಟಿದಾಗಲೇ ಅದು ಪ್ರಾರಂಭವಾಯಿತು. ಪದಾರ್ಥದೊಳಗೆ ಒಬ್ಬನ ಕಣ್ಣೀರು ಬೆರೆತಿದ್ದರೆ ಎಲೆಯ ಮುಂದಿನ ಮಂತ್ರವು ಅದನ್ನು ಸೋಸಲಾರದು.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆಯುಂಟು. ಮನೆಯಲ್ಲಿ ಬಾಣಂತಿಯಿದ್ದಾಳೆ, ಹಾಸಿಗೆ ಹಿಡಿದ ವೃದ್ಧರಿದ್ದಾರೆ, ತೊಟ್ಟಿಯಲ್ಲಿ ಒಂದು ತಂಬಿಗೆ ನೀರಿಲ್ಲ. ಅಂಥವನು ಕೇಳಿದಷ್ಟು ಕೊಟ್ಟು ತರಿಸಿಕೊಂಡರೆ ತಪ್ಪೇ? ತಪ್ಪೆಂದು ಯಾವ ಶರಣನೂ ಹೇಳಲಾರನು. ದಯೆಯಿಲ್ಲದ ನೇಮವು ಶರಣರಿಗೆ ಸಮ್ಮತವಾದುದಲ್ಲ. ಆದರೆ ಅದೇ ವಾರ ಅಂಗಳದ ಕಾರನ್ನು ಪೈಪು ಹಿಡಿದು ತೊಳೆದವನಿಗೆ ಈ ವಿನಾಯಿತಿಯು ಸಲ್ಲುವುದಿಲ್ಲ. 2024ರ ಮಾರ್ಚಿಯಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆದರೆ, ಕೈತೋಟಕ್ಕೆ ಹರಿಸಿದರೆ, ಕಟ್ಟಡದ ಕೆಲಸಕ್ಕೆ ಬಳಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಸಾರಬೇಕಾಯಿತು. ಭಕ್ತನ ಮನೆಗೆ ದಂಡದ ಭಯದಿಂದ ತಿಳಿಯಬೇಕಾದ ಸಂಗತಿಯೇ ಇದು?

ಟ್ಯಾಂಕರಿನ ಒಡೆಯನನ್ನು ದೂರಿ ಸುಮ್ಮನಾಗುವುದೂ ಅಷ್ಟೇ ಸುಲಭ. ಅವನ ಹಣೆಯ ಮೇಲೆಯೂ ವಿಭೂತಿ ಇರಬಹುದು. ಬಾಯಾರಿದ ಊರಿಗೆ ನೀರು ತರುವುದಕ್ಕಿಂತ ಮೇಲಾದ ಕಾಯಕವುಂಟೇ? ಡೀಸೆಲಿನ ಖರ್ಚು, ಕೊಳವೆಬಾವಿಯ ಬಳಿ ತಾಸುಗಟ್ಟಲೆ ಕಾಯುವ ಕಷ್ಟ ಅವನಿಗೂ ಉಂಟು. ಅದಕ್ಕೆ ತಕ್ಕ ಫಲವನ್ನು ಅವನು ಪಡೆಯಲೇಬೇಕು. ಬಾಯಾರಿಕೆಯನ್ನು ಕಂಡು ಬೆಲೆಯೇರಿಸಿದ ಗಳಿಗೆಯಲ್ಲಿ ಮಾತ್ರ ಅದು ಕಾಯಕವಾಗಿ ಉಳಿಯುವುದಿಲ್ಲ. ಕೊಳ್ಳುವವರು ಒಗ್ಗಟ್ಟಾಗಿ ನಿಂತರೆ ಅವನನ್ನೂ ಆ ಪತನದಿಂದ ಉಳಿಸಬಹುದು. ಬೀದಿಯವರೆಲ್ಲ ಸೇರಿ ಒಂದು ದರಕ್ಕೆ, ಒಂದು ಸರತಿಗೆ ಒಪ್ಪಿ, ನೋಂದಣಿಯಾದ ಟ್ಯಾಂಕರನ್ನೇ ಕರೆದು, ರಶೀದಿ ಪಡೆದು ಕೊಂಡರೆ, ಹೆಚ್ಚು ಕೊಡುವವನೊಬ್ಬನೂ ಸಿಕ್ಕದೆ ಬೆಲೆಯು ತಾನಾಗಿ ತನ್ನ ಸ್ಥಾನಕ್ಕೆ ಬರುತ್ತದೆ. ಒಬ್ಬನು ಸಾವಿರ ಹೆಚ್ಚಿಗೆ ಎಸೆದಾಗ ಕೆಡುವುದು ಅವನ ಹಣವೊಂದೇ ಅಲ್ಲ, ಇಡೀ ಬೀದಿಯ ಬೆಲೆ.

ನೀರಿನ ವಿಚಾರವೆಂದರೆ ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳ ಸ್ಮರಣೆ ತಾನಾಗಿ ಬರುತ್ತದೆ. ಕೆರೆಯನ್ನು ತೋಡಿಸಿ, ಗುಡಿಗಳನ್ನು ಕಟ್ಟಿಸಿ ಲೋಕಸೇವೆ ಮಾಡುತ್ತಿದ್ದ ಆ ಮಹಾತ್ಮರಲ್ಲಿಗೆ ಅಲ್ಲಮಪ್ರಭುಗಳು ಬಂದು ಒಡ್ಡನೆಂದು ಕೂಗಿ ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯನ್ನು ಓದಿದವರಿಗೆಲ್ಲ ತಿಳಿದಿದೆ. ಇದನ್ನೇ ಹಿಡಿದುಕೊಂಡು, ಕೆರೆ ಬಾವಿಗಳ ಚಿಂತೆ ಸರಕಾರದ್ದು, ಭಕ್ತನಿಗೆ ಪೂಜೆಯೊಂದು ಸಾಕು ಎಂದು ವಾದಿಸುವ ಜಾಣರೂ ಇದ್ದಾರೆ. ಪ್ರಭುಗಳು ಖಂಡಿಸಿದ್ದು ತಾನು ಮಾಡಿದೆನೆಂಬ ಅಭಿಮಾನವನ್ನು, ಕೆರೆಯನ್ನಲ್ಲ. ಕೆರೆಯನ್ನು ಮುಚ್ಚಿರೆಂದು ಅವರು ಹೇಳಿದಂತೆ ಎಲ್ಲಿಯೂ ಕಾಣದು. ಸೊಲ್ಲಾಪುರದಲ್ಲಿ ಸಿದ್ಧರಾಮರ ಹೆಸರಿನ ಕೆರೆಯು ಈಗಲೂ ಇದೆ. ಇತ್ತ ದೊಡ್ಡಕಲ್ಲಸಂದ್ರ, ಕೋಣನಕುಂಟೆ, ಯಲಚೇನಹಳ್ಳಿ, ಉತ್ತರಹಳ್ಳಿ ಮೊದಲಾದ ಊರುಗಳಿಗೂ ಪೂರ್ವಿಕರು ಬಿಟ್ಟುಹೋದ ಕೆರೆಗಳುಂಟು. ಅವುಗಳಿಗೆ ಮನೆಯ ಕೊಳಚೆಯನ್ನು ಹರಿಯಬಿಟ್ಟು, ದೂರದ ಕೊಳವೆಬಾವಿಯ ನೀರನ್ನು ಬೆಲೆಗೆ ಕೊಳ್ಳುವುದು ಯಾವ ಜಾಣತನ!

ಇನ್ನು ಮನೆಯೊಳಗಿನ ಮಾತು. ಇದು ತುಸು ಕಹಿಯಾದುದು. ಆ ಬೇಸಗೆಯಲ್ಲಿ ಮನೆಗೆಲಸಕ್ಕೆ ಬರುತ್ತಿದ್ದ ಹೆಣ್ಣುಮಕ್ಕಳಲ್ಲಿ ಅನೇಕರು ತಗಡಿನ ಶೆಡ್ಡುಗಳಲ್ಲಿ ವಾಸಿಸತಕ್ಕವರು. ಟ್ಯಾಂಕರನ್ನು ಕರೆಯುವ ಶಕ್ತಿಯೂ ಅವರಿಗಿಲ್ಲ. ಕರೆದರೂ ತುಂಬಿಸಿಡಲು ತೊಟ್ಟಿಯಿಲ್ಲ. ಇಡೀ ಮನೆಯ ಪಾತ್ರೆಗಳನ್ನು ತೊಳೆದು, ಹೊರಡುವಾಗ ಒಂದು ಕೊಡ ನೀರನ್ನು ಕೊಂಡೊಯ್ಯಲೇ ಅಮ್ಮಾ ಎಂದು ಆಕೆ ಕೇಳಿದಾಗ ಬರುವ ಉತ್ತರದಲ್ಲಿ ಆ ಮನೆಯ ವೀರಶೈವ ಆಚಾರವೆಲ್ಲವೂ ಪರೀಕ್ಷೆಗೊಳಗಾಗುತ್ತದೆ. ಕೆಲವರು ಧಾರಾಳವಾಗಿ ಕೊಟ್ಟಿರುತ್ತಾರೆ. ಕೆಲವರು ನಲ್ಲಿಗೆ ಬೀಗ ಹಾಕಿರುತ್ತಾರೆ. ಮತ್ತೆ ಕೆಲವು ಮನೆಗಳಲ್ಲಿ ಯಂತ್ರದಲ್ಲಿ ಶುದ್ಧಿಯಾದ ನೀರು ಮನೆಯವರಿಗೆ, ಕೊಳವೆಬಾವಿಯ ಗಡಸುನೀರು ಆಕೆಗೆ. ಅದಕ್ಕೊಂದು ಬೇರೆಯ ಲೋಟ, ಹಿತ್ತಲ ಗೋಡೆಯ ಮೇಲೆ ಬೋರಲು ಹಾಕಿದ್ದು. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಬಂಧುಗಳೆಂದು ಎತ್ತಿ ಆಡಿದ ಬಸವಣ್ಣನವರ ಪಟವು ಅದೇ ಮನೆಯ ನಡುಮನೆಯಲ್ಲಿರುತ್ತದೆ. ಬಸವಜಯಂತಿಯ ದಿನ ಅದಕ್ಕೆ ಹಾರವೂ ಬೀಳುತ್ತದೆ. ಒಂದು ಲೋಟವನ್ನು ಒಳಗೆ ತಂದಿಡುವುದಕ್ಕೆ ಯಾವ ಜಯಂತಿಯನ್ನು ಕಾಯಬೇಕಾಗಿದೆ?

ಆ ಯಂತ್ರದ ಪ್ರಸ್ತಾಪ ಬಂದುದರಿಂದ ಒಂದು ಮಾತು ಹೇಳಿ ಮುಂದುವರಿಯಬಹುದು. ಆರ್‌.ಒ. ಎಂದು ಕರೆಯುವ ಈ ಯಂತ್ರವು ಒಂದು ಲೀಟರು ನೀರನ್ನು ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರನ್ನು ಮೋರಿಗೆ ಚೆಲ್ಲುತ್ತದೆ. ನೀರಿನಲ್ಲಿ ಕರಗಿದ ಲವಣಾಂಶವು ಲೀಟರಿಗೆ 500 ಮಿಲಿಗ್ರಾಂ ಮೀರದಿದ್ದರೆ ಅದು ಕುಡಿಯಲು ಯೋಗ್ಯವೆಂದು ಭಾರತೀಯ ಮಾನಕವು ಹೇಳುತ್ತದೆ. ಕಾವೇರಿಯ ನೀರಿನಲ್ಲಿ ಅದು ಬಹಳ ಕಡಿಮೆ. ನೂರು ಕಿಲೋಮೀಟರು ದೂರದಿಂದ, ಬೆಟ್ಟದೆತ್ತರಕ್ಕೆ ಪಂಪು ಮಾಡಿ ತಂದ ಆ ನೀರಿನ ಮುಕ್ಕಾಲು ಪಾಲನ್ನು ಮೋರಿಗೆ ಬಿಡುವ ಯಂತ್ರವನ್ನು ಜಾಹೀರಾತಿನ ಮಾತಿಗೆ ಮರುಳಾಗಿ ಕೊಳ್ಳುವ ಮೊದಲು, ಮನೆಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳಿತು. ಅನೇಕರಿಗೆ ಸಾಧಾರಣವಾದ ಸೋಸುಕವೂ ಕಾಯಿಸುವ ಪಾತ್ರೆಯೂ ಸಾಕಾಗುತ್ತದೆ. ಗಡಸುನೀರಿನವರಿಗೆ ಯಂತ್ರವು ಅನಿವಾರ್ಯವಾದರೆ, ಅದು ಚೆಲ್ಲುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಬಹುದು.

ಮದುವೆ, ಗೃಹಪ್ರವೇಶಗಳ ಪಂಕ್ತಿಯಲ್ಲಿ ಎಲೆಯೊಂದಕ್ಕೆ ಒಂದು ಪುಟ್ಟ ಬಾಟಲಿಯಿಡುವ ಪದ್ಧತಿಯೂ ಹಬ್ಬಿದೆ. ಎರಡು ಗುಟುಕು ಕುಡಿದು ಬಿಟ್ಟ ನೂರಾರು ಬಾಟಲಿಗಳು ಪಂಕ್ತಿ ಎದ್ದ ಮೇಲೆ ಚೀಲಗಳಲ್ಲಿ ತುಂಬಿ ಹೋಗುತ್ತವೆ. ದಾಸೋಹದ ಮನೆಯಲ್ಲಿ ಅನ್ನದ ಅಗುಳು ಬಿದ್ದರೆ ಕಣ್ಣಿಗೊತ್ತಿಕೊಳ್ಳುವ ಜನರು ಇದನ್ನು ಹೇಗೆ ಸಹಿಸುತ್ತಾರೋ! ಮಠಗಳ ದಾಸೋಹದಲ್ಲಿ ಇಂದಿಗೂ ತಂಬಿಗೆ ಹಿಡಿದು ಲೋಟಕ್ಕೆ ಬಗ್ಗಿಸುವ ಹುಡುಗರುಂಟು. ಮದುವೆಯ ಮನೆಯವರೂ ನಾಲ್ವರು ಹುಡುಗರನ್ನು ಆ ಸೇವೆಗೆ ನಿಲ್ಲಿಸಬಹುದು.

2024ರ ಅಕ್ಟೋಬರ್ 16ರಂದು ಕಾವೇರಿಯ ಐದನೆಯ ಹಂತವು ಉದ್ಘಾಟನೆಯಾಗಿ, ದಿನಕ್ಕೆ 775 ದಶಲಕ್ಷ ಲೀಟರು ನೀರು ನಗರಕ್ಕೆ ಹೆಚ್ಚಾಗಿ ಬರುವ ದಾರಿಯಾಯಿತು. ನಗರಕ್ಕೆ ಸೇರಿದ ನೂರಹತ್ತು ಹಳ್ಳಿಗಳ ಬಾಯಾರಿಕೆಯನ್ನು ಉದ್ದೇಶಿಸಿ ಮಾಡಿದ ಕೆಲಸವದು, ಸಂತೋಷವೇ. ಆದರೆ ಆ ನೀರು ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಏರಿ ಬರತಕ್ಕದ್ದು. ತಾರಸಿಯ ಮೇಲೆ ಬಿಟ್ಟಿಯಾಗಿ ಬೀಳುವ ನೀರನ್ನು ಮೋರಿಗೆ ಬಿಟ್ಟು ಅದನ್ನೇ ನಂಬಿ ಕೂರುವುದು ಗೃಹಸ್ಥನಿಗೆ ಭೂಷಣವಲ್ಲ. ಮೂವತ್ತು ನಲವತ್ತರ ನಿವೇಶನವೆಂದರೆ ಸುಮಾರು 111 ಚದರ ಮೀಟರು. ಬೆಂಗಳೂರಿನಲ್ಲಿ ಸಾಧಾರಣ ವರ್ಷದಲ್ಲಿ ಒಂಬೈನೂರು ಮಿಲಿಮೀಟರಿಗೆ ಮೀರಿಯೇ ಮಳೆ ಬೀಳುತ್ತದೆ. ಎಂದರೆ ಆ ಒಂದು ನಿವೇಶನದ ಮೇಲೆ ವರ್ಷಕ್ಕೆ ಲಕ್ಷ ಲೀಟರು. ಅದರಲ್ಲಿ ಮುಕ್ಕಾಲು ಪಾಲು ತೊಟ್ಟಿಗೋ ಇಂಗುಗುಂಡಿಗೋ ಸೇರಿದರೂ ಹನ್ನೆರಡು ಸಾವಿರ ಲೀಟರಿನ ಆರು ಟ್ಯಾಂಕರುಗಳಾಯಿತು. 2009ರಲ್ಲಿಯೇ ನಗರದಲ್ಲಿ ಮಳೆನೀರಿನ ಕೊಯ್ಲನ್ನು ಕಾನೂನು ಕಡ್ಡಾಯ ಮಾಡಿತು. ಕಾನೂನಿಗಾಗಿ ಒಂದು ಕೊಳವೆಯನ್ನು ಗೋಡೆಗೆ ನೆಟ್ಟು, ಅದರ ತುದಿಯನ್ನು ಮೋರಿಗೇ ಬಿಟ್ಟ ಮನೆಗಳೂ ಉಂಟು.

ಹೇಗೆ ಮಾಡಬೇಕೆಂದು ತಿಳಿಯದವರು ಜಯನಗರದ ಐದನೆಯ ಬಡಾವಣೆಯಲ್ಲಿ ಜಲಮಂಡಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ನಿರ್ಮಿಸಿರುವ ಮಳೆನೀರು ಕೊಯ್ಲು ಕೇಂದ್ರಕ್ಕೆ ಹೋಗಿ ಕಣ್ಣಾರೆ ನೋಡಬಹುದು. ವಸಂತಪುರದಿಂದ ಅದು ದೂರವೇನಲ್ಲ. ಸೋಸುವ ತೊಟ್ಟಿಯ ಜಲ್ಲಿ ಮರಳನ್ನು ವರ್ಷಕ್ಕೊಮ್ಮೆ ತೆಗೆದು ತೊಳೆಯಬೇಕು; ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಡಬೇಕು; ತಾರಸಿಯ ಮೇಲೆ ಹಳೆಯ ಸಾಮಾನುಗಳನ್ನು ಒಟ್ಟಬಾರದು. ಯುಗಾದಿಗೆ ಮನೆಯನ್ನು ಸಾರಿಸುವ ದಿನವೇ ತಾರಸಿಯನ್ನೂ ಗುಡಿಸಿಬಿಟ್ಟರೆ, ಆ ಮೇಲೆ ಬರುವ ಮೊದಲ ಮಳೆಗೆ ಮನೆಯು ಸಿದ್ಧವಾಗಿರುತ್ತದೆ.