ಒಂದು ದಿನವೆಂದರೆ ಎಷ್ಟು?

ಆಕಾಶಗಳನ್ನೂ ಭೂಮಿಯನ್ನೂ ಅಲ್ಲಾಹನು ಆರು ದಿನಗಳಲ್ಲಿ ಸೃಷ್ಟಿಸಿದನೆಂದು ಓದಿದ ಮಕ್ಕಳು, "ಸೂರ್ಯನೇ ಇಲ್ಲದಾಗ ದಿನ ಎಣಿಸುವುದು ಹೇಗೆ?" ಎಂದು ಕೇಳುವುದುಂಟು. ಕೇಳಲಿ. ಬಾಯಿ ಮುಚ್ಚಿಸುವುದರಿಂದ ಯಾವ ಮಗುವಿನ ಈಮಾನೂ ಬೆಳೆದಿಲ್ಲ.

ಶಾಲೆಯಲ್ಲಿ ಅವರು ಕಲಿಯುವ 'ಡೇ' ಎಂಬ ಇಂಗ್ಲಿಷ್ ಪದವನ್ನೇ ನೋಡಿರಿ. 24 ಗಂಟೆಗಳೂ ಡೇ, ರಾತ್ರಿಯನ್ನು ಬಿಟ್ಟ ಹಗಲೂ ಡೇ. ಅಜ್ಜ "ನಮ್ಮ ಕಾಲದಲ್ಲಿ" ಎನ್ನುವುದನ್ನೂ ಇಂಗ್ಲಿಷಿನವರು ಡೇ ಎಂದೇ ಹೇಳುತ್ತಾರೆ. ಅರಬಿಯ 'ಯೌಮ್' ಕೂಡ ಹೀಗೆಯೇ ವಿಶಾಲವಾದುದು. ಬರಿಯ ಹಗಲಿಗೆ 'ನಹಾರ್' ಎಂಬ ಬೇರೆ ಪದವಿದೆ. ಇಸ್ಲಾಮಿಗೆ ಮುಂಚಿನ ಗೋತ್ರ ಕಾಳಗಗಳಿಗೆ 'ಅರಬರ ದಿನಗಳು' ಎಂದೇ ಹೆಸರು. ಗುರುವಾರ ಮಗ್ರಿಬ್ ಬಾಂಗ್ ಆದೊಡನೆ ನಮಗೆ ಶುಕ್ರವಾರದ ರಾತ್ರಿ; ಗೋಡೆಯ ಗಡಿಯಾರಕ್ಕೆ ಮಾತ್ರ ಇನ್ನೂ ಗುರುವಾರ.

ನಿಮ್ಮ ಪ್ರಭುವಿನ ಬಳಿಯ ಒಂದು ದಿನ ನಿಮ್ಮ ಎಣಿಕೆಯ 1,000 ವರ್ಷಗಳಂತೆ ಎಂದು ಸೂರಃ ಅಲ್ ಹಜ್ಜ್ ತಿಳಿಸುತ್ತದೆ. ಸೂರಃ ಅಲ್ ಮಆರಿಜ್‌ನಲ್ಲಿ 50,000 ವರ್ಷಗಳ ದಿನವೊಂದರ ಪ್ರಸ್ತಾಪವಿದೆ. ಅಲ್ಲಾಹನ ಸೃಷ್ಟಿಯಲ್ಲೇ ನೋಡಿದರೂ, ಶುಕ್ರಗ್ರಹ ತನ್ನ ಸುತ್ತ ಒಮ್ಮೆ ತಿರುಗಲು ನಮ್ಮ 243 ದಿನಗಳು ಬೇಕು. ಸೂರ್ಯನನ್ನು ಸುತ್ತಲು 225 ದಿನಗಳೇ ಸಾಕು! ಆರು ದಿನಗಳು ಸಾಮಾನ್ಯ ದಿನಗಳೆಂದವರೂ, ಒಂದೊಂದೂ ಸಾವಿರ ವರ್ಷವೆಂದವರೂ, ದೀರ್ಘ ಘಟ್ಟಗಳೆಂದವರೂ ವಿದ್ವಾಂಸರಲ್ಲಿದ್ದಾರೆ. ಆರನ್ನು ಸಾವಿರದಿಂದ ಗುಣಿಸಿ ವಿಶ್ವದ ವಯಸ್ಸು ಕಂಡುಹಿಡಿಯಹೊರಡುವುದು ಮಾತ್ರ ವ್ಯರ್ಥ ಶ್ರಮ.

ನಮ್ಮ ನಿದ್ದೆ ಕೆಡಿಸಬೇಕಾದ ಲೆಕ್ಕ ಬೇರೆಯೇ ಇದೆ. ಗುಹೆಯಲ್ಲಿ ಮಲಗಿದ್ದ ಯುವಕರು ಎದ್ದಾಗ ಎಷ್ಟು ಹೊತ್ತು ಮಲಗಿದ್ದೆವೆಂದು ತಮ್ಮತಮ್ಮಲ್ಲೇ ಕೇಳಿಕೊಂಡರು. ಒಂದು ದಿನ, ಅಥವಾ ಅದಕ್ಕೂ ಕಡಿಮೆ ಎಂಬ ಉತ್ತರ ಬಂತು. ಅದೇ ಸೂರಃದಲ್ಲಿ ಹೇಳಿರುವ ಅವಧಿ 309 ವರ್ಷ. ಪಾಳುಬಿದ್ದ ಊರಿನ ಬಳಿ 100 ವರ್ಷ ಮರಣದಲ್ಲಿದ್ದು ಎಬ್ಬಿಸಲ್ಪಟ್ಟವನ ಉತ್ತರವೂ ಅದೇ. ಅವರಿಗೆ ಕಾಲದ ಅರಿವಿರಲಿಲ್ಲ, ಸರಿ.

ಮೂರನೆಯ ಸಲ ಈ ಉತ್ತರ ಬರುವುದು ಸೂರಃ ಅಲ್ ಮೂಮಿನೂನ್‌ನಲ್ಲಿ, ಎಚ್ಚರವಾಗಿಯೇ ಬದುಕಿದ್ದವರ ಬಾಯಿಂದ. ಅಂಗಡಿ ನಡೆಸಿದವರು, ಮನೆ ಕಟ್ಟಿಸಿದವರು, ಒಂದು ಗಜ ಜಾಗಕ್ಕಾಗಿ ಒಡಹುಟ್ಟಿದವನೊಡನೆ ಇಪ್ಪತ್ತು ವರ್ಷ ಮಾತು ಬಿಟ್ಟವರು, ಹಜ್ಜ್ ಮುಂದಿನ ವರ್ಷವಾಗಲಿ ಎಂದವರು. ಭೂಮಿಯಲ್ಲಿ ಎಷ್ಟು ವರ್ಷ ಇದ್ದಿರಿ ಎಂದು ಪರಲೋಕದಲ್ಲಿ ಕೇಳಲಾಗುವಾಗ ಅವರೂ ಹೇಳುವರು: ಒಂದು ದಿನವೋ, ದಿನದ ಸ್ವಲ್ಪ ಭಾಗವೋ; ಬೇಕಾದರೆ ಎಣಿಕೆ ಇಟ್ಟವರನ್ನು ಕೇಳಿ ಎಂದು.