ನಾಯಿಯ ಹೃದಯಕ್ಕೆ ಲಕ್ಷಗಟ್ಟಲೆ ಖರ್ಚು: ಸರಿಯೇ?



ನಾಯಿಗೂ ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತಾರೆ ಎಂದರೆ ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಮೊದಲು ವಿಷಯ ತಿಳಿದುಕೊಳ್ಳೋಣ.

ನಾಯಿಗಳ ಹೃದಯರೋಗಗಳಲ್ಲಿ ಹೆಚ್ಚಾಗಿ ಕಾಣುವುದು ಮೈಟ್ರಲ್ ಕವಾಟದ ಕಾಯಿಲೆ. ವಯಸ್ಸಾದ ಸಣ್ಣ ಜಾತಿಯ ನಾಯಿಗಳಿಗೆ ಇದು ಹೆಚ್ಚು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಬಾಗಿಲಿನಂತಿರುವ ಈ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ನಾಯಿ ಏದುಸಿರು ಬಿಡುತ್ತದೆ. ಜಪಾನಿನ ಪಶುವೈದ್ಯ ಮಸಾಮಿ ಉಯೇಚಿ ಮತ್ತು ಅವರ ತಂಡ, ಹೃದಯವನ್ನು ಕೆಲಹೊತ್ತು ನಿಲ್ಲಿಸಿ, ಯಂತ್ರದಿಂದ ರಕ್ತ ಹರಿಸುತ್ತಾ, ಸಡಿಲವಾದ ಕವಾಟವನ್ನು ಕೃತಕ ದಾರಗಳಿಂದ ಸರಿಪಡಿಸುವ ವಿಧಾನವನ್ನು ಬೆಳೆಸಿದರು. ಯಶಸ್ವಿಯಾದರೆ ನಾಯಿ ಮತ್ತೆ ಓಡಾಡುತ್ತದೆ. ಖರ್ಚು ಮಾತ್ರ ಹಲವು ಲಕ್ಷ ರೂಪಾಯಿ.

ನಗುವವರು ಒಂದನ್ನು ನೆನೆಯಬೇಕು. 1960ರಲ್ಲಿ ಅಮೆರಿಕದ ಡಾ. ಆಲ್ಬರ್ಟ್ ಸ್ಟಾರ್ ಮತ್ತು ಇಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ರೂಪಿಸಿದ ಕೃತಕ ಮೈಟ್ರಲ್ ಕವಾಟವನ್ನು ಮನುಷ್ಯರಿಗೆ ಜೋಡಿಸುವ ಮೊದಲು ಪರೀಕ್ಷಿಸಿದ್ದು ನಾಯಿಗಳ ಮೇಲೆ. ಎಷ್ಟೋ ನಾಯಿಗಳು ಸತ್ತವು. ಅವುಗಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಇಂದು ಕೃತಕ ಕವಾಟದಿಂದ ಬದುಕಿರುವವರೆಲ್ಲ ಆ ಮೂಕಪ್ರಾಣಿಗಳ ಋಣದಲ್ಲಿದ್ದಾರೆ.

ಸಿಟ್ಟಾಗುವವರ ಮಾತಿನಲ್ಲೂ ಸತ್ಯವಿದೆ. ನಮ್ಮ ದೇಶದಲ್ಲಿ ಇದೇ ಕವಾಟ ಮಕ್ಕಳಲ್ಲೂ ಹಾಳಾಗುತ್ತದೆ. ಗಂಟಲಿನ ಸೋಂಕಿಗೆ ಸಕಾಲದಲ್ಲಿ ಪೆನಿಸಿಲಿನ್ ಸಿಗದಿದ್ದರೆ ಕೆಲವರಿಗೆ ರುಮ್ಯಾಟಿಕ್ ಜ್ವರ ಬಂದು ಕವಾಟ ಕೆಡುತ್ತದೆ. ಬಡವರ ಮನೆಗಳಲ್ಲೇ ಇದು ಹೆಚ್ಚು. ಧರ್ಮಸಭೆಯ ಕ್ಯಾಟೆಕಿಸಂ (2418) ಎರಡನ್ನೂ ಒಟ್ಟಿಗೆ ಹೇಳುತ್ತದೆ: ಪ್ರಾಣಿಗಳನ್ನು ಅನಗತ್ಯವಾಗಿ ನರಳಿಸುವುದು ತಪ್ಪು, ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳಿಗೆ ಸುರಿಯುವುದೂ ತಕ್ಕದ್ದಲ್ಲ.

"ನಾಯಿಗೆ ಖರ್ಚು ಮಾಡದಿದ್ದರೆ ಆ ಹಣ ಬಡ ಮಗುವಿಗೆ ಹೋಗುತ್ತಿತ್ತೇ?" ಎಂದು ಕೇಳುವವರಿದ್ದಾರೆ. ಹೋಗುತ್ತಿರಲಿಲ್ಲವೇನೋ. ಆದರೆ ಹೊಸ ಮೊಬೈಲಿಗೆ, ಮದುವೆಯ ಆಡಂಬರಕ್ಕೆ ಸುರಿದ ನಮ್ಮ ಹಣವೂ ಹೋಗಿಲ್ಲ. ಬಡವರ ಹೆಸರು ಹೇಳಿ ನಾಯಿ ಸಾಕಿದವರನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ನನಗೆ ತೋಚುವುದು ಇಷ್ಟು. ನಾವು ನಾಯಿಗೆ ಸಲ್ಲಿಸಬೇಕಾದ ಋಣ ಅದರ ನೋವನ್ನು ಕಡಿಮೆ ಮಾಡುವುದು. ಸಾಧ್ಯವಿರುವಷ್ಟು ವರ್ಷ ಬದುಕಿಸಲೇಬೇಕೆಂಬುದಲ್ಲ. ನಾಯಿ ಮುಂದಿನ ವರ್ಷವನ್ನು ಎಣಿಸುವುದಿಲ್ಲ, ಎಣಿಸುವವರು ನಾವು. ಪಿಮೊಬೆಂಡಾನ್ ಮಾತ್ರೆ, ಮೈಯ ನೀರಿಳಿಸುವ ಔಷಧಿ ಅದರ ಉಸಿರನ್ನು ಹಗುರ ಮಾಡುತ್ತವೆ. ಕೈಲಾದಮಟ್ಟಿಗೆ ಇವನ್ನು ಕೊಡಿಸುವುದು ಸಾಕಿದವರ ಕರ್ತವ್ಯ. ಶಸ್ತ್ರಚಿಕಿತ್ಸೆ ಪಾಪವಲ್ಲ, ಕರ್ತವ್ಯವೂ ಅಲ್ಲ. ಮಾಡಿಸುವವರು, "ಇದು ಅದರ ನೋವಿಗಾಗಿಯೋ, ನನ್ನ ಅಗಲಿಕೆಯ ಭಯಕ್ಕಾಗಿಯೋ?" ಎಂದು ದೇವರ ಮುಂದೆ ಕೇಳಿಕೊಳ್ಳಲಿ.

ಉಳಿದ ನಮಗೂ ಕೆಲಸವಿದೆ. ಮಕ್ಕಳಿಗೆ ಜ್ವರದೊಂದಿಗೆ ಗಂಟಲುನೋವು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹೋಗಲು ಬಸ್ಸಿನ ಹಣವಿಲ್ಲದ ಮನೆಯಿದ್ದರೆ ಯುವಕೂಟಕ್ಕೆ ತಿಳಿಸಿ, ನಾವು ಬರುತ್ತೇವೆ.